ಹಿತ್ಲಿನ ದೀಪ

ಹೋದ ವರ್ಷ ನಮ್ಮಜ್ಜಿ ಹಿತ್ಲಲ್ಲಿ ಬಿದ್ದು ಕೈ ಮುರಿದುಕೊಂಡರು. ಕೊಳ್ಳೇಗಾಲದ ಹಳೇ ಮನೆ. ಬಚ್ಚಲು, ಕಕ್ಕಸು ಎಲ್ಲಾ ಹಿತ್ಲ ಕೊನೆಗೆ. ನಡುವೆ ಬಾವಿ, ಒಗೆಯೋ ಕಲ್ಲು, ಸೀಬೆಮರ. ರಾತ್ರಿ ಕರೆಂಟು ಹೋಗಿತ್ತು. ನಾನು ಬೆಂಗಳೂರಿನಲ್ಲಿ ಕೂತು ಮಾಡಬಹುದಾದದ್ದನ್ನು ಮಾಡಿದೆ: ಫೋನಲ್ಲಿ ಆರು ಸೋಲಾರ್ ದೀಪ ಆರ್ಡರ್ ಮಾಡಿ, ಶನಿವಾರ ಹೋಗಿ ನೆಟ್ಟು ಬಂದೆ.

ದೀಪ ನೆಡುವಾಗ ಅಜ್ಜಿ ಹೇಳಿದ ಮಾತು ತಲೆಯಲ್ಲೇ ಉಳಿಯಿತು. 'ನಾ ಮದ್ವ ಆಗಿ ಈ ಮನಗ ಬಂದಾಗ ಲಾಟೀನು ಕನ ಮಗ. ಕರೆಂಟು ಇಲ್ಲೇ ಪಕ್ಕದಲ್ಲೇ ಹುಟ್ತದಂತೆ, ನಮಗೆ ಮಾತ್ರ ಇಲ್ಲ.'

ಅಜ್ಜಿ ಉತ್ಪ್ರೇಕ್ಷೆ ಮಾಡಲಿಲ್ಲ. ಶಿವನಸಮುದ್ರ ನಮ್ಮೂರಿಂದ ಸುಮಾರು 15 ಕಿ.ಮೀ. 1902ರ ಜೂನ್‌ನಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿ.ಮೀ. ತಂತಿ ಮೇಲೆ ಓಡಿ ಕೋಲಾರದ ಚಿನ್ನದ ಗಣಿ ಸೇರಿತು. ಆ ಕಾಲಕ್ಕೆ ಜಗತ್ತಿನಲ್ಲೇ ಉದ್ದದ ಲೈನುಗಳಲ್ಲೊಂದು. ದಿವಾನ್ ಶೇಷಾದ್ರಿ ಅಯ್ಯರ್ ಯೋಜನೆಗೆ ಒತ್ತಾಸೆಯಾಗಿ ನಿಂತವರು, ಆದರೆ ದೀಪ ಹತ್ತುವ ಮೊದಲೇ, 1901ರಲ್ಲಿ ತೀರಿಕೊಂಡರು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಿಗೂ ಅದೇ ಬೆಳಕು ಬಂತು. ಮೊದಲು ಬ್ರಿಟಿಷ್ ಕಂಪನಿಯ ಗಣಿ, ಆಮೇಲೆ ಪಟ್ಟಣ. ಹೊಳೆ ಪಕ್ಕದವರ ಸರದಿ ಯಾವಾಗಲೂ ಕೊನೆಗೇ ಅಲ್ವಾ?

ನಮ್ಮ ವಿಷಯದಲ್ಲಿ ಇನ್ನೊಂದು ತೊಡಕಿತ್ತು. ವಿದ್ಯುತ್ ಕೇಂದ್ರ ಮೈಸೂರು ಸಂಸ್ಥಾನದ್ದು. ಕಾವೇರಿ ದಾಟಿದರೆ, ಭರಚುಕ್ಕಿ ಕಡೆಯ ಕೊಳ್ಳೇಗಾಲ ತಾಲ್ಲೂಕು, ಮದ್ರಾಸ್ ಪ್ರೆಸಿಡೆನ್ಸಿಯ ಕೊಯಮತ್ತೂರು ಜಿಲ್ಲೆ. 1799ರಲ್ಲಿ ಟಿಪ್ಪು ಸತ್ತಮೇಲೆ ಬಿದ್ದ ಗೆರೆ ಅದು. 1956ರ ನವೆಂಬರ್ 1ರ ತನಕ ನಾವು ಕನ್ನಡ ಮಾತಾಡುವ ಮದ್ರಾಸಿನವರು.

ಯಳಂದೂರು ಪಕ್ಕದ ಬಿಳಿಗಿರಿರಂಗನ ಬೆಟ್ಟ, ಹನೂರು ಆಚೆಯ ಮಾದಪ್ಪನ ಬೆಟ್ಟ, ಇಲ್ಲಿನ ಸೋಲಿಗರ ಕಥೆ ಇನ್ನೂ ಉದ್ದ. ಕಾಡೊಳಗೆ ಕಂಬ ನೆಡೋದು ಸುಲಭವಲ್ಲ, ಕಾನೂನೂ ಅಡ್ಡ ಬರ್ತದೆ. ಎಷ್ಟೋ ಪೋಡುಗಳಿಗೆ ತಂತಿಗಿಂತ ಮೊದಲು ಹೋದದ್ದು ಸೋಲಾರ್ ಫಲಕ. ಬಡವರು ಸೋಲಾರ್‌ಗೆ ದುಡ್ಡು ಕೊಡಲಾರರು ಅನ್ನೋದನ್ನ ಹರೀಶ್ ಹಂದೆ ಒಪ್ಪಲಿಲ್ಲ. ಅವರ ಸಂಪಾದನೆಯ ಲಯಕ್ಕೆ ತಕ್ಕ ಕಂತು ಹಾಕಿ ಎಂದು ಬ್ಯಾಂಕುಗಳ ಬೆನ್ನು ಬಿದ್ದರು. ಅವರು ಸೆಲ್ಕೋ ಶುರು ಮಾಡಿದ್ದು 1995ರಲ್ಲಿ, ಮ್ಯಾಗ್ಸೆಸೆ ಬಂದದ್ದು 2011ರಲ್ಲಿ. ನಾನು ಕಾರ್ಡ್ ಉಜ್ಜಿ ತರಿಸಿದ ಆಟಿಕೆಯಂಥ ದೀಪಕ್ಕೂ ಅದಕ್ಕೂ ಹೋಲಿಕೆಯಿಲ್ಲ, ಬಿಡಿ.

ಆ ಆಟಿಕೆಯೂ ಸತಾಯಿಸಿತು. ಸೀಬೆಮರದ ನೆರಳಲ್ಲಿ ನೆಟ್ಟ ಎರಡು ಏಳು ಗಂಟೆಗೆ ಹತ್ತಿ ಎಂಟಕ್ಕೆ ಆರಿದವು. ಬಾಗಿಲ ಬಳಿಯದ್ದು ಹತ್ತಲೇ ಇಲ್ಲ. ಕೆಟ್ಟಿದೆ ಅಂದ್ಕೊಂಡೆ. ಆಮೇಲೆ ತಿಳೀತು: ಇದರಲ್ಲಿ ಸ್ವಿಚ್ಚಿನ ಕೆಲಸ ಮಾಡೋದೂ ಫಲಕವೇ. ಬೆಳಕು ಬೀಳುವ ತನಕ ಬ್ಯಾಟರಿ ತುಂಬುತ್ತದೆ, ಫಲಕದ ವೋಲ್ಟೇಜ್ ಇಳಿದರೆ ಕತ್ತಲಾಯಿತು ಎಂದುಕೊಂಡು ದೀಪ ಹಚ್ಚುತ್ತದೆ. ಬಾಗಿಲ ಮೇಲಿನ ಬಲ್ಬ್ ನೋಡಿ ಅದು ಇನ್ನೂ ಹಗಲು ಅಂದುಕೊಂಡಿತ್ತು! ಮರದ ಕೆಳಗಿನವನ್ನು ಬಿಸಿಲಿಗೆ ತಂದೆ. ಮಳೆಗಾಲ ಮುಗಿದ ಮೇಲೆ 1.2 ವೋಲ್ಟಿನ ಬ್ಯಾಟರಿಗಳನ್ನೂ ಬದಲಿಸಿದೆ. ಬಾಗಿಲ ಬಳಿಯದನ್ನು ಮಾತ್ರ ಕೀಳಲು ಅಜ್ಜಿ ಬಿಡಲಿಲ್ಲ.

ಮೊನ್ನೆ ರಾತ್ರಿ ಊಟಕ್ಕೆ ಕೂತಿದ್ದಾಗ ಕರೆಂಟು ಹೋಯಿತು. ಬಾಗಿಲ ಬಲ್ಬ್ ಆರಿತು. ಆ ಕ್ಷಣಕ್ಕೇ ಅದರ ಕೆಳಗಿನ ಪುಟ್ಟ ದೀಪ ತಾನಾಗೇ ಹತ್ತಿಕೊಂಡಿತು. ಅಜ್ಜಿ ಟಾರ್ಚು ಹುಡುಕಲಿಲ್ಲ, ಎದ್ದು ಹಿತ್ಲಿಗೆ ಹೋಗಿ ಕೈ ತೊಳೆದು ಬಂದರು.