ಮುಂಗಾರು: ಒಂದು ಪದದ ಹಿನ್ನೆಲೆ

‘ಮುಂಗಾರು’ ಎಂಬುದು ‘ಮುನ್’ ಮತ್ತು ‘ಕಾರ್’ ಸೇರಿ ಆದ ಪದ. ಕಾರ್ ಎಂದರೆ ಕಪ್ಪು; ಕಾರ್ಮೋಡ, ಕಾರ್ಗತ್ತಲೆಗಳಲ್ಲಿ ಇರುವುದು ಇದೇ. ಕಪ್ಪು ಮೋಡ ಕವಿಯುವ ಕಾಲಕ್ಕೂ ಅದೇ ಹೆಸರಾಯಿತು. ತಮಿಳಿನಲ್ಲೂ ಕಾರ್ ಎಂದರೆ ಮಳೆಗಾಲವೇ. ಮೊದಲು ಬರುವ ಕಾರು ಮುಂಗಾರು, ಆಮೇಲಿನದು ಹಿಂಗಾರು. ಕನ್ನಡ ಸೀಮೆಗೆ ಮಳೆ ಎರಡು ಸರತಿಯಲ್ಲಿ ಬರುತ್ತದೆ ಎಂಬ ತಿಳಿವಳಿಕೆ ಈ ಜೋಡಿ ಪದಗಳಲ್ಲೇ ಇದೆ.

ರೈತರು ಮಳೆಯನ್ನು ಲೆಕ್ಕ ಹಾಕಿದ್ದು ತಿಂಗಳಿನಿಂದಲ್ಲ, ನಕ್ಷತ್ರದಿಂದ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು–ಹದಿನಾಲ್ಕು ದಿನ ಇರುತ್ತಾನೆ. ಆ ದಿನಗಳ ಮಳೆಗೆ ಆ ನಕ್ಷತ್ರದ್ದೇ ಹೆಸರು. ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ಆಮೇಲೆ ಭರಣಿ, ಕೃತ್ತಿಕೆ, ರೋಹಿಣಿ. ಜೂನ್ ಮೊದಲ ವಾರ ಕಳೆಯುತ್ತಲೇ ಮೃಗಶಿರ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ. ಹಳೆ ಮೈಸೂರಿನ ಬಯಲುಸೀಮೆಯಲ್ಲಿ ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೇ ಹೊಲ ಉತ್ತು ಎಳ್ಳು, ಅಲಸಂದೆ ಬಿತ್ತುತ್ತಾರೆ. ಆಗ ಬಿತ್ತುವ ರಾಗಿಗೆ ಕಾರು ರಾಗಿ ಎಂದೇ ಹೆಸರು. ತಡವಾಗಿ ಬಿತ್ತುವುದು ಹೈನು ರಾಗಿ. ಉತ್ತರ ಕರ್ನಾಟಕದ ಮಾತಿನಲ್ಲಿ ಮುಂಗಾರು, ಹಿಂಗಾರುಗಳೇ ಮುಂಗಾರಿ, ಹಿಂಗಾರಿ; ಅಲ್ಲಿ ಎರೆ ಹೊಲದ ಬಿಳಿಜೋಳ ಹಿಂಗಾರಿಯದು. ಜ್ಯೇಷ್ಠದ ಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸಿ ಕರಿ ಹರಿಯುವ ಕಾರ ಹುಣ್ಣಿಮೆಯೂ ಇದೇ ಕಾರಿನ ಹಬ್ಬ.

1875ರಲ್ಲಿ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಇಲಾಖೆಯ ಲೆಕ್ಕಕ್ಕೆ ಆಧಾರ ನಕ್ಷತ್ರವಲ್ಲ, ಗಾಳಿಯ ದಿಕ್ಕು. ನೈಋತ್ಯ ಮಾರುತ ಸಾಮಾನ್ಯವಾಗಿ ಜೂನ್ 1ಕ್ಕೆ ಕೇರಳ ಮುಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಅವಧಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನದು ಈಶಾನ್ಯ ಮಾರುತ. ಕನ್ನಡ ಪತ್ರಿಕೆಗಳು ಮೊದಲನೆಯದನ್ನು ಮುಂಗಾರು, ಎರಡನೆಯದನ್ನು ಹಿಂಗಾರು ಎಂದು ಕರೆದವು. ಕರಾವಳಿಗೆ, ಮಲೆನಾಡಿಗೆ ಈ ಹೊಂದಿಕೆ ಸರಿಯಾಗಿಯೇ ಕೂತಿತು. ಅಲ್ಲಿ ದೊಡ್ಡ ಮಳೆ ಜೂನ್‌ನಿಂದಲೇ. ಬಯಲುಸೀಮೆಯಲ್ಲಿ ಮಾತ್ರ ಭರಣಿ, ಕೃತ್ತಿಕೆಗಳು ಲೆಕ್ಕದಿಂದ ಹೊರಗೆ ಬಿದ್ದವು. ಅವಕ್ಕೆಂದು ‘ಪೂರ್ವ ಮುಂಗಾರು’ ಎಂಬ ಪದವನ್ನು ಟಂಕಿಸಲಾಯಿತು. ‘ಮುನ್’ ಎಂಬುದರಲ್ಲೇ ‘ಪೂರ್ವ’ ಇರುವಾಗ ಇದು ಮುಂಚಿನದಕ್ಕೂ ಮುಂಚಿನದು ಎಂದಂತೆ. ಪದವಾಗಿ ಇದು ಒಡ್ಡೊಡ್ಡು. ಆದರೂ ವರದಿಗಳಲ್ಲಿ, ಕೃಷಿ ಇಲಾಖೆಯ ಪ್ರಕಟಣೆಗಳಲ್ಲಿ ಈಗ ನಡೆಯುತ್ತಿರುವುದು ಇದೇ.