ಚೌಕಟ್ಟಿಗೆ ಹಿಡಿಸದ ಅಕ್ಷರ: ಕಲ್ಲಚ್ಚಿನಿಂದ ಗಣಕದ ಕಿಟಕಿಯವರೆಗೆ

ಕನ್ನಡದ ಅಕ್ಷರಕ್ಕೆ ತಲೆಯ ಮೇಲೂ ಜಾಗ ಬೇಕು, ಪಾದದ ಕೆಳಗೂ ಜಾಗ ಬೇಕು. ನಾವು ವಾಸಿಸುವ ರಾಜ್ಯದ ಹೆಸರನ್ನೇ ಬರೆದು ನೋಡಬಹುದು. ‘ಮಹಾರಾಷ್ಟ್ರ’ ಎಂಬಲ್ಲಿ ಷಕಾರದ ಅಡಿಗೆ ಟಕಾರದ ಒತ್ತು, ಅದರ ಮಗ್ಗುಲಿಗೆ ರಕಾರದ ಒತ್ತು. ಉಮದಿ, ಸಂಖ ಮೊದಲಾದ ಊರುಗಳನ್ನೊಳಗೊಂಡ ಜತ್ತ ತಾಲೂಕಿನ ನಾವು ಕನ್ನಡವನ್ನೂ ಮರಾಠಿಯ ದೇವನಾಗರಿಯನ್ನೂ ಜೊತೆಯಲ್ಲಿಯೇ ಓದುತ್ತ ಬೆಳೆದವರು. ಆದ್ದರಿಂದ ಎರಡರ ಭೇದ ನಮಗೆ ಬೇಗ ಕಾಣುತ್ತದೆ. ದೇವನಾಗರಿಯ ಸಂಯುಕ್ತಾಕ್ಷರಗಳು ಬಹುಮಟ್ಟಿಗೆ ಅರ್ಧರೂಪ ತಾಳಿ ಪಕ್ಕಕ್ಕೆ ಸೇರುತ್ತವೆ, ಕನ್ನಡದವು ಕೆಳಕ್ಕಿಳಿಯುತ್ತವೆ. ಇಷ್ಟು ಸಣ್ಣ ಸಂಗತಿ ಇಂದು ಗಣಕದ ಮುಂದೆ ಕುಳಿತ ನಮ್ಮ ಹಿರಿಯರ ಕೈಯನ್ನು ಹೇಗೆ ಕಟ್ಟಿಹಾಕಿದೆ ಎಂಬುದನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ವಿಲಿಯಂ ಕೇರಿಯ ಕನ್ನಡ ವ್ಯಾಕರಣವು 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಯಿತು. 1843ರಲ್ಲಿ ಹೆರ್ಮನ್ ಮೋಗ್ಲಿಂಗರು ಆರಂಭಿಸಿದ ‘ಮಂಗಳೂರ ಸಮಾಚಾರ’ವಾದರೋ ಕಲ್ಲಚ್ಚಿನಲ್ಲಿ ಹೊರಬಂದಿತು. ಕಲ್ಲಚ್ಚಿನಲ್ಲಿ ಕೈಬರಹವೇ ಮುದ್ರಣ. ಒತ್ತು ಎಷ್ಟು ಇಳಿದರೂ ತಡೆಯುವವರಿಲ್ಲ. ಅಚ್ಚುಮೊಳೆಯ ಕಥೆ ಬೇರೆ. ಅಲ್ಲಿ ಪ್ರತಿಯೊಂದು ಅಕ್ಷರವೂ ಲೋಹದ ತುಂಡೊಂದರ ಮಿತಿಯೊಳಗೆ ಮೈ ಮುದುಡಿಕೊಳ್ಳಬೇಕು. ಬೆರಳಚ್ಚುಯಂತ್ರ ಬಂದಾಗಲೂ ಇದೇ ಇಕ್ಕಟ್ಟು ಮುಂದುವರಿಯಿತು.

ಗಣಕದಲ್ಲಿ ಕನ್ನಡ ನೆಲೆಯೂರಿದ ಬಗೆ ನಮ್ಮ ಓದುಗರಿಗೆ ಹೊಸದಲ್ಲ. ಕೆ. ಪಿ. ರಾಯರ ಕೀಲಿಮಣೆ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳಿಂದ ಲೇಖನ, ಕವಿತೆ, ಆಮಂತ್ರಣಗಳು ಕನ್ನಡದಲ್ಲಿ ಸಿದ್ಧವಾದವು. ಆದರೆ ಆ ಕಾಲದಲ್ಲಿ ಕನ್ನಡವಿದ್ದದ್ದು ಬಹುತೇಕ ಕಡತದ ಒಳಗೆ ಮಾತ್ರ. ಅದರ ಸುತ್ತಲಿನ ಗುಂಡಿ, ಪಟ್ಟಿ, ಎಚ್ಚರಿಕೆಗಳೆಲ್ಲ ಸಾಮಾನ್ಯವಾಗಿ ಇಂಗ್ಲಿಷಿನವು. 1991ರ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನ ದೊರೆತು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಅಕ್ಷರಮಾದರಿ ಸೇರಿದ ಬಳಿಕ ಆ ಗುಂಡಿಗಳೂ ಕನ್ನಡವಾಗುವ ಬಾಗಿಲು ತೆರೆಯಿತು. ತೊಡಕು ಅಲ್ಲಿಂದಲೇ. ಸಾಲಿನ ಎತ್ತರ ಇಂಗ್ಲಿಷಿಗೆಂದು ನಿಗದಿಯಾದದ್ದು. ಅದರೊಳಗೆ ಒತ್ತೂ ದೀರ್ಘವೂ ಹಿಡಿಸಬೇಕೆಂದರೆ ಅಕ್ಷರವನ್ನೇ ಕುಗ್ಗಿಸಬೇಕಾಯಿತು. ಅದೇ ಅಳತೆಯ ಇಂಗ್ಲಿಷ್ ಓದಲು ಬರುತ್ತದೆ, ಕನ್ನಡ ಬರುವುದಿಲ್ಲ. ಹೀಗಾಗಿ ಕನ್ನಡದ ಓದುಗ, ಅದರಲ್ಲೂ ಅರವತ್ತು ದಾಟಿದವನು, ಪರದೆಯ ಅಕ್ಷರವನ್ನು ಇತರರಿಗಿಂತ ಮೊದಲೇ ಹಿಗ್ಗಿಸುತ್ತಾನೆ.

ಹಿಗ್ಗಿಸಿದರೆ ಆಗುವುದೇನು? ಗಣಕವು ನಮ್ಮನ್ನು ಏನನ್ನಾದರೂ ಕೇಳುವಾಗ ತೆರೆಯುವ ಪುಟ್ಟ ಕಿಟಕಿಗೆ ಡೈಲಾಗ್ ಬಾಕ್ಸ್ ಎನ್ನುತ್ತಾರೆ. ವಿಂಡೋಸಿನಲ್ಲಿ ಇದಕ್ಕೊಂದು ಜಾಣ ಅಳತೆಗೋಲು ಮೊದಲಿನಿಂದಲೂ ಇದೆ: ಆ ಕಿಟಕಿಯ ಅಕ್ಷರಮಾದರಿಯ ಸರಾಸರಿ ಅಗಲದ ನಾಲ್ಕನೆಯ ಒಂದು ಪಾಲು, ಎತ್ತರದ ಎಂಟನೆಯ ಒಂದು ಪಾಲು. ಅಕ್ಷರ ಬೆಳೆದರೆ ಕಿಟಕಿಯೂ ಬೆಳೆಯಲಿ ಎಂಬುದು ಉದ್ದೇಶ. ಒಳ್ಳೆಯ ಉದ್ದೇಶವೇ, ಆದರೆ ಪರದೆ ಬೆಳೆಯುವುದಿಲ್ಲವಲ್ಲ! 1366 ಅಗಲ, 768 ಎತ್ತರದ ಚುಕ್ಕಿಗಳುಳ್ಳ ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ಶೇ. 150ಕ್ಕೆ ಹಿಗ್ಗಿಸಿದರೆ ಉಳಿಯುವ ಜಾಗ ಸುಮಾರು 911ಕ್ಕೆ 512ರಷ್ಟು ಮಾತ್ರ. 600ರ ಎತ್ತರಕ್ಕೆ ಯೋಜಿಸಿದ ಕಿಟಕಿ ಅಲ್ಲಿ ಹಿಡಿಸದು. ‘ಸರಿ’, ‘ರದ್ದುಮಾಡು’ ಎಂಬ ಗುಂಡಿಗಳಾದರೋ ವಾಡಿಕೆಯಂತೆ ತಳದಲ್ಲಿಯೇ ಇರುತ್ತವೆ. ಅವೇ ಮೊದಲು ಪರದೆಯಾಚೆ ಮುಳುಗುತ್ತವೆ. ಆ ಅಳತೆಗೋಲನ್ನು ಬಿಟ್ಟು ಚುಕ್ಕಿ ಎಣಿಸಿ ಮಾಡಿದ ಕಿಟಕಿಗಳದು ಇನ್ನೊಂದು ಪಾಡು. ಅವು ಬೆಳೆಯುವುದೇ ಇಲ್ಲ, ಒಳಗಿನ ಮಾತು ಅರ್ಧಕ್ಕೆ ಕತ್ತರಿಸಿ ಹೋಗುತ್ತದೆ, ಒತ್ತಕ್ಷರದ ಕಾಲುಗಳಂತೂ ಮೊದಲೇ.

ಇದನ್ನು ಬರಿಯ ತಾಂತ್ರಿಕ ಕಿರಿಕಿರಿ ಎಂದು ತಳ್ಳಿಹಾಕಲು ನಮಗೆ ಮನಸ್ಸು ಬಾರದು. ನಮ್ಮ ತಾಲೂಕಿನ ಕನ್ನಡ ಶಾಲೆಗಳಲ್ಲಿ ಕಲಿಸಿ ನಿವೃತ್ತರಾದ ಗುರುಗಳು ಇಂದು ಪಿಂಚಣಿಯ ಅರ್ಜಿಯಿಂದ ಹಿಡಿದು ಸಮ್ಮೇಳನದ ಲೇಖನದವರೆಗೆ ಎಲ್ಲಕ್ಕೂ ಪರದೆಯನ್ನೇ ನೆಚ್ಚಬೇಕಾಗಿದೆ. ಮಕ್ಕಳು ಪುಣೆಯಲ್ಲೋ ಮುಂಬಯಿಯಲ್ಲೋ ಇರುತ್ತಾರೆ. ಅಕ್ಷರ ಹಿಗ್ಗಿಸಿದರೆ ಗುಂಡಿ ಕಾಣದು. ಗುಂಡಿಗಾಗಿ ಕುಗ್ಗಿಸಿದರೆ ತಾವು ಒಪ್ಪುತ್ತಿರುವುದು ಏನೆಂಬುದೇ ಓದಲು ಬಾರದು. ಜೀವನವಿಡೀ ‘ಓದದೆ ಸಹಿ ಹಾಕಬೇಡಿರಿ’ ಎಂದು ಊರಿಗೆ ಬುದ್ಧಿ ಹೇಳಿದವರು ಈಗ ಓದದೆ ಒಪ್ಪುವಂತಾಗಿದೆ.

ಪರಿಹಾರದ ಮಾತು ಜಗತ್ತಿನಲ್ಲಿ ಆಗದೆ ಇಲ್ಲ. ಅಕ್ಷರವನ್ನು ಶೇ. 200ರವರೆಗೆ ಹಿಗ್ಗಿಸಿದರೂ ವಿಷಯವಾಗಲಿ ಕಾರ್ಯವಾಗಲಿ ಕಳೆಯಬಾರದೆಂದು ಜಾಲತಾಣಗಳ ಅಂತರರಾಷ್ಟ್ರೀಯ ಮಾರ್ಗಸೂಚಿ 2008ರಲ್ಲಿಯೇ ವಿಧಿಸಿತು. ನಮ್ಮ ದೇಶದ ಅಂಗವಿಕಲರ ಹಕ್ಕುಗಳ ಅಧಿನಿಯಮ, 2016 ಕೂಡ ಮಾಹಿತಿ ತಂತ್ರಜ್ಞಾನ ಎಲ್ಲರ ಕೈಗೆಟುಕುವಂತಿರಬೇಕೆನ್ನುತ್ತದೆ. ಆದರೆ ಮುಪ್ಪಿನ ಮಂದದೃಷ್ಟಿಯನ್ನು ಅಂಗವೈಕಲ್ಯವೆಂದು ನಮ್ಮ ಕಡೆ ಯಾರೂ ಹೇಳಿಕೊಳ್ಳುವುದಿಲ್ಲ. ಆದ್ದರಿಂದ ಕೇಳುವವರೂ ಕಡಿಮೆ.

ಸದ್ಯಕ್ಕೆ ಬಲ್ಲವರು ಬಳಸುವ ಉಪಾಯವೊಂದಿದೆ. ಇಂಗ್ಲಿಷ್ ವಿಂಡೋಸಿನಲ್ಲಿ ಆಲ್ಟ್ ಮತ್ತು ಸ್ಪೇಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಬಳಿಕ ‘ಎಂ’ ಒತ್ತಿದರೆ, ಮೇಲ್ಮುಖ ಬಾಣದ ಕೀಲಿಯಿಂದ ಕಿಟಕಿಯನ್ನು ಮೇಲಕ್ಕೆ ಸರಿಸಬಹುದು. ತಲೆಬರಹ ಪರದೆಯಾಚೆ ಹೋಗುತ್ತದೆ, ತಳದ ಗುಂಡಿಗಳು ಮೇಲೇರಿ ಬರುತ್ತವೆ. ಕೈ ಕುದುರುವವರೆಗೆ ಎರಡು ಮೂರು ಬಾರಿ ಮಾಡಿ ನೋಡಬೇಕು.