ಅಪ್ಪ ಕಲಿಸಿದ ಅಡವಿ

ಸಿಂಧನೂರು ಎಂದೊಡನೆ ಇಂದಿನ ತಲೆಮಾರಿನವರ ಕಣ್ಣಿಗೆ ಕಟ್ಟುವುದು ಭತ್ತದ ಗದ್ದೆ, ತುಂಬಿ ಹರಿಯುವ ಕಾಲುವೆ ಮತ್ತು ಸಾಲುಗಟ್ಟಿ ನಿಂತ ಅಕ್ಕಿ ಗಿರಣಿಗಳು. ಈ ಸೀಮೆಯಲ್ಲಿ ಒಂದು ಕಾಲಕ್ಕೆ ಅಡವಿಯಿತ್ತು, ಆ ಅಡವಿಯಲ್ಲಿ ತಂದೆಯರು ಮಕ್ಕಳಿಗೆ ಪಾಠ ಹೇಳುತ್ತಿದ್ದರು ಎಂದರೆ ನಗುವವರೇ ಹೆಚ್ಚು. ಮಲೆನಾಡಿನವರಂತೂ ನಮ್ಮ ಅಡವಿಯನ್ನು ಅಡವಿಯೆಂದು ಒಪ್ಪಲಾರರು. ಅದು ಆನೆ, ಹುಲಿಗಳ ಕಾಡಾಗಿರಲಿಲ್ಲ. ಜಾಲಿ, ಬನ್ನಿ, ಬಾರೆ, ಕಾರೆ, ತಂಗಡಿ, ಸೀತಾಫಲ, ಕಳ್ಳಿಗಳ ಕುರುಚಲು. ನಡುನಡುವೆ ಗುಂಡುಕಲ್ಲುಗಳ ಗುಡ್ಡ. ಗುಡ್ಡದ ಬುಡದಲ್ಲಿ ವರ್ಷದ ಹೆಚ್ಚು ಕಾಲ ಒಣಗಿಯೇ ಇರುವ ಹಳ್ಳ. ಮಳೆ ಕಡಿಮೆ, ಬಿಸಿಲು ಹೆಚ್ಚು. ಇಂಥ ನೆಲದಲ್ಲಿ ಬದುಕಬೇಕಾದವನಿಗೆ ವಿದ್ಯೆ ಹೆಚ್ಚೇ ಬೇಕು. ಆ ವಿದ್ಯೆಯ ಚರಿತ್ರೆಯನ್ನು ನನಗೆ ತಿಳಿದಮಟ್ಟಿಗೆ ಬರೆದಿಡುವುದು ಈ ಲೇಖನದ ಉದ್ದೇಶ.

ಕೃಷ್ಣಾ ಮತ್ತು ತುಂಗಭದ್ರೆಯರ ನಡುವಿನ ಈ ನಾಡನ್ನು ಚರಿತ್ರೆಯ ಪುಸ್ತಕಗಳು ರಾಯಚೂರು ದೋಆಬ್ ಎಂದು ಕರೆಯುತ್ತವೆ. ಪಠ್ಯಪುಸ್ತಕದಲ್ಲಿ ಅದು ವಿಜಯನಗರ ಮತ್ತು ಬಹಮನಿ ಅರಸರ ಕಾಳಗದ ಕಣ. ೧೫೨೦ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಗೆದ್ದ ಪ್ರಸಂಗವನ್ನು ನಾನೇ ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಆದರೆ ಕೋಟೆಗಳಿಗಿಂತ ಬಹಳ ಹಿಂದೆಯೇ ಇಲ್ಲಿ ದನಗಾಹಿಗಳಿದ್ದರು. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಸಮೀಪದ ಪಿಕ್ಲಿಹಾಳದಲ್ಲಿ ೧೯೫೨ರಲ್ಲಿ ಉತ್ಖನನ ನಡೆಸಿದ ರೇಮಂಡ್ ಆಲ್ಚಿನ್ ಅವರು ನವಶಿಲಾಯುಗದ ಜನರ ನೆಲೆಯನ್ನು ಗುರುತಿಸಿದರು. ಅಲ್ಲಿನ ಬಂಡೆಗಳ ಮೇಲೆ ಇಂದಿಗೂ ಗೂಳಿಗಳ ಚಿತ್ರಗಳಿವೆ. ನಮ್ಮ ಸೀಮೆಯಲ್ಲಿ ಅಲ್ಲಲ್ಲಿ ಕಾಣುವ ಬೂದಿಗುಡ್ಡಗಳು ರಾಕ್ಷಸರ ಚಿತೆಯ ಬೂದಿಯೆಂದು ಹಿರಿಯರು ಕಥೆ ಹೇಳುತ್ತಿದ್ದರು. ಈಗ ತೆಲಂಗಾಣಕ್ಕೆ ಸೇರಿರುವ ಉತ್ನೂರಿನ ಬೂದಿಗುಡ್ಡವನ್ನು ೧೯೫೭ರಲ್ಲಿ ಅಗೆದು ನೋಡಿದ ಆಲ್ಚಿನ್, ಅದು ದನದ ದೊಡ್ಡಿಯಲ್ಲಿ ಸುಟ್ಟ ಸಗಣಿಯ ಬೂದಿಯೆಂದು ತೋರಿಸಿಕೊಟ್ಟರು. ಆ ತೀರ್ಮಾನಕ್ಕೆ ಆಧಾರವಾದ ಕುರುಹುಗಳಲ್ಲಿ ಬೂದಿಯ ಪದರಗಳಲ್ಲಿ ಉಳಿದುಕೊಂಡಿದ್ದ ದನಗಳ ಗೊರಸಿನ ಗುರುತೂ ಒಂದು. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಹೆಜ್ಜೆ! ಅದನ್ನು ಓದಿದಾಗ ನನಗೆ ನಮ್ಮಪ್ಪನ ನೆನಪಾಯಿತು. ಮಣ್ಣಿನ ಮೇಲಿನ ಹೆಜ್ಜೆಯನ್ನು ಅಕ್ಷರದಂತೆ ಓದುವುದೇ ಅವರು ನಮಗೆ ಕಲಿಸಿದ ಮೊದಲ ಪಾಠ.

ನಮ್ಮಪ್ಪ ಓದಿದವರಲ್ಲ. ಸಿಂಧನೂರಿಗೂ ಮಸ್ಕಿಗೂ ನಡುವಿನ ಒಂದು ಸಣ್ಣ ಹಳ್ಳಿಯಲ್ಲಿ ಮಳೆಯಾಶ್ರಿತ ಜೋಳದ ಹೊಲ ಮತ್ತು ನಲವತ್ತು ಕುರಿ, ಇಷ್ಟೇ ಅವರ ಆಸ್ತಿ. ಅಣ್ಣ, ಅಕ್ಕ ಮತ್ತು ನಾನು ಐದಾರು ವರ್ಷದವರಾದೊಡನೆ ಕುರಿಗಳ ಹಿಂದೆ ನಮ್ಮನ್ನು ಅಡವಿಗೆ ಕರೆದೊಯ್ಯುವುದು ಅವರ ಪದ್ಧತಿ. ಅವರನ್ನೂ ಅವರ ತಂದೆ ಹಾಗೆಯೇ ಕರೆದೊಯ್ದಿದ್ದರಂತೆ. ಪಾಠಕ್ಕೆ ಹೊತ್ತುಗೊತ್ತು ಇರಲಿಲ್ಲ. ನಡೆಯುತ್ತಿದ್ದವರು ತಟ್ಟನೆ ನಿಂತು, ಕೋಲಿನ ತುದಿಯಿಂದ ನೆಲ ತೋರಿಸಿ, "ಏನು ಹೋಗೇತಿ ಹೇಳ್ರಿ" ಎನ್ನುವರು. ಮೊಲದ ಹೆಜ್ಜೆಯಲ್ಲಿ ಹಿಂಗಾಲು ಮುಂದೆ ಮೂಡುವುದನ್ನು, ತೋಳದ ಹೆಜ್ಜೆ ನಾಯಿಯದಕ್ಕಿಂತ ನೇರ ಸಾಲಿನಲ್ಲಿ ಸಾಗುವುದನ್ನು, ಚಿಗರಿಯ ಗೊರಸು ಮೊನಚಾಗಿ ಸೀಳಿರುವುದನ್ನು ನಾವು ಕಲಿತದ್ದು ಹೀಗೆ. ಉತ್ತರ ತಪ್ಪಿದರೆ ಬೈಗುಳವಿಲ್ಲ; ಸರಿಯಾದರೆ ಹೊಗಳಿಕೆಯೂ ಇಲ್ಲ. ಕೋಲು ಮುಂದಿನ ಗುರುತಿಗೆ ಹೋಗುತ್ತಿತ್ತು, ಅಷ್ಟೆ.

ಎರಡನೆಯ ಪಾಠ ನೀರಿನದು. ಬೇಸಿಗೆಯಲ್ಲಿ ಹಳ್ಳ ಒಣಗಿದ್ದರೂ ಮರಳಿನ ಕೆಳಗೆ ನೀರಿರುತ್ತದೆ. ಹಳ್ಳ ತಿರುವು ಪಡೆಯುವಲ್ಲಿ, ಹೊರಬಾಗಿನ ದಡದ ಕೆಳಗೆ ವರತಿ ತೋಡಬೇಕು. ಮೊದಲು ಬರುವ ಕೆಸರು ನೀರನ್ನು ಎರಡು ಸಲ ಚೆಲ್ಲಿ, ಮೂರನೆಯ ಸಲ ತಿಳಿಯಾದ ಮೇಲೆ ಕುಡಿಯಬೇಕು. ಕುಡಿದಾದ ಮೇಲೆ ವರತಿಯನ್ನು ಮುಚ್ಚದೆ ಬಿಡಬೇಕು, ಹಿಂದೆ ಬರುವ ಪ್ರಾಣಿಗೆ ಬೇಕಾದೀತು ಎಂಬುದು ಅಪ್ಪನ ಕಟ್ಟಳೆ. ಪಾರಿವಾಳದಷ್ಟು ದೊಡ್ಡ, ಮರಳಿನ ಬಣ್ಣದ ಹಕ್ಕಿಗಳು ಬೆಳಗಿನಲ್ಲಿ ಗುಂಪುಗುಂಪಾಗಿ ಒಂದೇ ದಿಕ್ಕಿಗೆ ಹಾರಿದರೆ ಅತ್ತ ಕೆರೆಯೋ ಮಡುವೋ ಇದೆಯೆಂದೇ ಅರ್ಥ. ಟಿಟ್ಟಿಭ ಕೂಗಿದರೆ ಯಾರೋ ಬರುತ್ತಿದ್ದಾರೆ. ಅದು ರಾತ್ರಿಯೂ ಸುಳ್ಳು ಹೇಳುವುದಿಲ್ಲ.

ಮೂರನೆಯದು ದಾರಿ. ದಾರಿ ತಪ್ಪಿದ ಮಗು ಓಡಬಾರದು, ಇದ್ದಲ್ಲೇ ಒಂದು ಮರದ ಬುಡದಲ್ಲಿ ಕುಳಿತುಬಿಡಬೇಕು. ಹುಡುಕುವವರು ಯಾರೂ ಬಾರದಿದ್ದರೆ ಮಾತ್ರ ಹಳ್ಳ ಹಿಡಿದು ಕೆಳಕ್ಕೆ ನಡೆಯಬೇಕು. ದೋಆಬಿನ ಹಳ್ಳಗಳೆಲ್ಲ ಕೊನೆಗೆ ಕೃಷ್ಣೆಗೋ ತುಂಗಭದ್ರೆಗೋ ಸೇರಲೇಬೇಕು, ಅಷ್ಟರೊಳಗೆ ಒಂದು ಊರು ಸಿಕ್ಕೇ ಸಿಗುತ್ತದೆ. ರಾತ್ರಿಯಾದರೆ ಧ್ರುವ ನಕ್ಷತ್ರ. ನಮ್ಮ ಸೀಮೆಯಲ್ಲಿ ಅದು ಬಹಳ ಎತ್ತರದಲ್ಲಿಲ್ಲ. ತೋಳು ಚಾಚಿ ಮುಷ್ಟಿ ಹಿಡಿದರೆ, ದಿಗಂತದಿಂದ ಒಂದೂವರೆ ಮುಷ್ಟಿಯ ಮೇಲೆ ಸಿಗುತ್ತದೆ. ಈ ಊರಿನ ಅಕ್ಷಾಂಶ ಹದಿನಾರು ಡಿಗ್ರಿಗೆ ಸಮೀಪವಾದ್ದರಿಂದ ಹಾಗಾಗುತ್ತದೆ ಎಂಬುದನ್ನು ನಾನು ಅರಿತದ್ದು ಶಿಕ್ಷಕರ ತರಬೇತಿಗೆ ಹೋದಾಗ. ಅಪ್ಪನಿಗೆ ಡಿಗ್ರಿ ಗೊತ್ತಿರಲಿಲ್ಲ, ಮುಷ್ಟಿ ಗೊತ್ತಿತ್ತು.

ಇವೆಲ್ಲ ಮಕ್ಕಳಾಟವಲ್ಲವೆಂದು ನಮ್ಮ ಮನೆಗೆ ಮನದಟ್ಟಾದದ್ದು ೧೯೪೮ರಲ್ಲಿ. ಆಗ ನಾವು ಹೈದರಾಬಾದ್ ಸಂಸ್ಥಾನದ ಪ್ರಜೆಗಳು. ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದರೂ ನಿಜಾಮರು ಒಕ್ಕೂಟಕ್ಕೆ ಸೇರಿರಲಿಲ್ಲ. ರಜಾಕಾರರ ಹಾವಳಿಗೆ ಬೆದರಿ ಎಷ್ಟೋ ಕುಟುಂಬಗಳು ಗಡಿ ದಾಟಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಸೀಮೆಗೆ ಹೋದವು. ಗಜೇಂದ್ರಗಡ, ಮುಂಡರಗಿಗಳಲ್ಲಿ ಹೋರಾಟಗಾರರ ಗಡಿ ಶಿಬಿರಗಳಿದ್ದವು. ಆ ಬೇಸಿಗೆಯಲ್ಲಿ ಅಪ್ಪ ನಮ್ಮ ಮನೆಯವರನ್ನೂ ನೆರೆಯ ಎರಡು ಮನೆಯವರನ್ನೂ ಗಜೇಂದ್ರಗಡದ ಕಡೆಗೆ ನಡೆಸಿಕೊಂಡು ಹೋದರು. ನನಗಾಗ ಐದು ವರ್ಷ. ಅಪ್ಪನ ಹೆಗಲು, ಕಂಬಳಿಯ ವಾಸನೆ ಇಷ್ಟೇ ನನ್ನ ನೆನಪು. ಉಳಿದುದನ್ನು ಅವರೂ ಅಣ್ಣನೂ ಹೇಳಿದ್ದು. ಬಂಡಿಯ ದಾರಿ ಬಿಟ್ಟು, ಹಗಲು ಹಳ್ಳದ ಮರೆಯಲ್ಲಿ ಮಲಗಿ, ಧ್ರುವನನ್ನು ಬಲಗೈಗೆ ಇಟ್ಟುಕೊಂಡು ನಾಲ್ಕು ರಾತ್ರಿ ನಡೆದರಂತೆ. ಬಲಗೈಗೆ ಉತ್ತರವಿದ್ದರೆ ಮುಖ ಪಶ್ಚಿಮಕ್ಕೆ. ಟಿಟ್ಟಿಭ ದೂರದಲ್ಲಿ ಕೂಗಿದಾಗಲೆಲ್ಲ ಎಲ್ಲರೂ ಕುಳಿತುಬಿಡುತ್ತಿದ್ದರು. ನೀರು ತುಂಬಿದ ಕೊಡ ಎರಡನೆಯ ದಿನವೇ ಒಡೆಯಿತು. ಆಮೇಲೆ ಹತ್ತು ವರ್ಷದ ಅಣ್ಣನೇ ಎರಡು ಕಡೆ ವರತಿ ತೋಡಿ ನೀರು ತೆಗೆದನಂತೆ. ಹನ್ನೊಂದು ಜೀವಗಳು ಸುರಕ್ಷಿತವಾಗಿ ಗಡಿ ದಾಟಿದವು. ಸೆಪ್ಟೆಂಬರ್ ೧೩ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು, ೧೭ರಂದು ನಿಜಾಮರು ಸೋಲೊಪ್ಪಿದರು. ಜೋಳ ಬಿತ್ತುವ ಹೊತ್ತಿಗೆ ನಾವು ಊರಿಗೆ ಮರಳಿದೆವು. ಹೈದರಾಬಾದ್ ಕರ್ನಾಟಕ ವಿಮೋಚನೆಯ ಚರಿತ್ರೆಯಲ್ಲಿ ಶಿಬಿರಗಳ ನಾಯಕರ ಹೆಸರುಗಳಿವೆ, ಇರಲೇಬೇಕು. ನಕ್ಷತ್ರ ನೋಡಿ ದಾರಿ ತೋರಿಸಿದ ಕುರಿಗಾಹಿಗಳ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ಅಕ್ಕನ ವಿಷಯವನ್ನೂ ಹೇಳಬೇಕು. ಮೂವರಲ್ಲಿ ಹೆಜ್ಜೆ ಓದುವುದರಲ್ಲಿ ಅವಳೇ ಜಾಣೆ. ತೋಳ ಬಂದುಹೋದದ್ದು ನಿನ್ನೆ ರಾತ್ರಿಯೋ ಇಂದು ಬೆಳಗಿನ ಜಾವವೋ ಎಂಬುದನ್ನು ಹೆಜ್ಜೆಯ ಅಂಚಿನ ಇಬ್ಬನಿ ನೋಡಿ ಹೇಳುತ್ತಿದ್ದಳು. ಹತ್ತು ತುಂಬಿದೊಡನೆ ಹಿರಿಯರು ಅವಳನ್ನು ಅಡವಿಗೆ ಹೋಗದಂತೆ ತಡೆದರು. ಅಪ್ಪ ಎದುರಾಡಲಿಲ್ಲ. ಆದರೆ ಸಂಜೆ ಮರಳಿದಾಗ ಆ ದಿನ ಕಂಡ ಗುರುತುಗಳನ್ನು ಅಂಗಳದ ಬೂದಿಯಲ್ಲಿ ಬೆರಳಿನಿಂದ ಬರೆದು ಅವಳಿಗೆ ತೋರಿಸುತ್ತಿದ್ದರು. ಅವಳ ಮದುವೆಯ ಹಿಂದಿನ ವಾರದವರೆಗೂ ಆ ಪಾಠ ನಡೆದದ್ದನ್ನು ನಾನು ಕಂಡಿದ್ದೇನೆ.

ಮುಂದೆ ನಾನು ಶಿಕ್ಷಕನಾಗಿ ಸ್ಕೌಟ್ ತರಬೇತಿ ಪಡೆದಾಗ ಬೇಡನ್ ಪೊವೆಲ್ಲರ ಪುಸ್ತಕ ಕೈಗೆ ಬಂತು. ೧೯೦೮ರಲ್ಲಿ ಪ್ರಕಟವಾದ ಆ ಪುಸ್ತಕದಲ್ಲಿ ಹೆಜ್ಜೆಗುರುತು, ನಕ್ಷತ್ರ, ಬೆಂಕಿ, ನೀರು ಎಲ್ಲವೂ ಇದ್ದವು. ಭಾರತ ಮತ್ತು ಆಫ್ರಿಕಗಳಲ್ಲಿ ಸೇನಾಧಿಕಾರಿಯಾಗಿದ್ದ ಅವರು ಅಲ್ಲಿ ಪಡೆದ ಅನುಭವವನ್ನೇ ಇಂಗ್ಲೆಂಡಿನ ಹುಡುಗರಿಗೆ ಆಟವಾಗಿ ಮಾಡಿಕೊಟ್ಟರು. ಅದೇ ವಿದ್ಯೆ ಸಮವಸ್ತ್ರ ತೊಟ್ಟು ನಮ್ಮ ಶಾಲೆಗೆ ಬಂದಿತ್ತು. ನನ್ನ ವಿದ್ಯಾರ್ಥಿಗಳಲ್ಲಿ ಕುರಿಗಾಹಿಗಳ ಮಕ್ಕಳು ಹಲವರಿದ್ದರು. ಶಾಲೆಯ ಲೆಕ್ಕದಲ್ಲಿ ಅವರು ದಡ್ಡರು. ಶಿಬಿರಕ್ಕೆ ಹೋದ ದಿನ ಮಾತ್ರ ಅವರೇ ಗುರುಗಳಾಗುತ್ತಿದ್ದರು.

ಆ ಅಡವಿ ಈಗಿಲ್ಲ. ಅದಕ್ಕೆ ಕಾರಣ ಒಂದೇ ಅಲ್ಲ. ಹಟ್ಟಿಯ ಚಿನ್ನದ ಗಣಿಯಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಬಂಡೆಯನ್ನು ಬೆಂಕಿಯಿಂದ ಕಾಯಿಸಿ ಒಡೆಯುತ್ತಿದ್ದರು. ಅದಕ್ಕೆ ಸುಟ್ಟ ಸೌದೆಯೆಷ್ಟೋ! ದೊಡ್ಡ ಬದಲಾವಣೆ ತಂದದ್ದು ತುಂಗಭದ್ರಾ ಅಣೆಕಟ್ಟು. ೧೯೫೩ರಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟ ಮೇಲೆ, ೨೨೭ ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆ ಹಂತಹಂತವಾಗಿ ನಮ್ಮ ಸೀಮೆಯನ್ನು ತಲುಪಿತು. ಬನ್ನಿ, ಜಾಲಿಗಳಿದ್ದ ನೆಲ ಗದ್ದೆಯಾಯಿತು. ಉಳಿದ ಬಂಜರನ್ನು ಬಳ್ಳಾರಿ ಜಾಲಿ ಆವರಿಸಿತು. ಇದನ್ನು ಹಾನಿಯೆಂದಷ್ಟೇ ಬರೆದರೆ ಅನ್ಯಾಯವಾದೀತು. ಬರಗಾಲದಲ್ಲಿ ಅಂಬಲಿಗೂ ಗತಿಯಿಲ್ಲದ ದಿನಗಳನ್ನು ನಾನು ಕಂಡವನು. ಕಾಲುವೆಯ ನೀರಿನಿಂದಲೇ ನನ್ನ ಮಕ್ಕಳು ಹೊಟ್ಟೆತುಂಬ ಉಂಡರು. ಆದರೆ ಆ ನೀರು ಬಂದ ಮೇಲೆ ವರತಿ ತೋಡುವುದನ್ನು ಯಾರೂ ಯಾರಿಗೂ ಕಲಿಸಲಿಲ್ಲ. ಕಾಲುವೆ ಕೊನೆಯ ಹಳ್ಳಿಗಳಿಗೆ ನೀರು ತಲುಪದ ವರ್ಷಗಳಲ್ಲಿ ಟ್ಯಾಂಕರಿಗಾಗಿ ಕಾದು ನಿಂತವರನ್ನು ನೋಡುವಾಗ, ಅವರ ಕಾಲಕೆಳಗಿನ ಹಳ್ಳ ನನಗೆ ನೆನಪಾಗುತ್ತದೆ.

ಮಸ್ಕಿಯ ಗುಡ್ಡದಲ್ಲಿ ೧೯೧೫ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡ ಅಶೋಕನ ಶಾಸನ ಲೋಕಪ್ರಸಿದ್ಧ. ದೇವಾನಾಂಪ್ರಿಯನೇ ಅಶೋಕನೆಂಬುದನ್ನು ಖಚಿತಪಡಿಸಿದ್ದು ಅದೇ. ಒಳಿತನ್ನು ಸಾಧಿಸುವುದು ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಾಧ್ಯ ಎಂಬುದು ಅದರ ಸಾರಗಳಲ್ಲೊಂದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿ ತಂದೆತಾಯಿಗಳ ಮಾತು ಕೇಳಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು, ಇದು ಪುರಾತನ ರೂಢಿ ಎಂಬ ಮಾತೂ ಇದೆ. ನಮ್ಮಪ್ಪ ಆ ಗುಡ್ಡದ ಕೆಳಗೆ ಎಷ್ಟೋ ಸಲ ಕುರಿ ಕಾಯ್ದರು, ಶಾಸನವನ್ನು ಓದಲಾರರು. ತಂದೆಯೇ ಗುರುವಾದಾಗ ಆ ಎರಡು ಮಾತುಗಳು ಒಂದೇ ಆಗುತ್ತವೆ ಎಂಬುದಕ್ಕೆ ಅವರೇ ನನಗೆ ಸಾಕ್ಷಿ.

ಆ ವಿದ್ಯೆ ಪೂರ್ಣವಾಗಿ ಅಳಿಯಿತೆಂದು ಹೇಳಲೂ ಮನಸ್ಸಿಲ್ಲ. ಸಿಂಧನೂರಿನ ಸುತ್ತ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳಿವೆ. ನೀರಿನ ನಾಡಿನಿಂದ ಬಂದ ಆ ಜನ ನಮ್ಮ ಕಾಲುವೆಯಲ್ಲಿ ಬಲೆ ಬೀಸುವುದನ್ನು ಮಕ್ಕಳಿಗೆ ಕಲಿಸುವುದನ್ನು ನಾನು ದಂಡೆಯ ಮೇಲೆ ನಿಂತು ನೋಡಿದ್ದೇನೆ. ಬಲೆ ಮಡಿಸಿದ್ದು ತಪ್ಪಾದರೆ ಆ ತಂದೆಯೂ ಬೈಯುವುದಿಲ್ಲ. ಬಿಚ್ಚಿ, ಮತ್ತೆ ಮಡಿಸಿ, ಮಗುವಿನ ಕೈಗಿಡುತ್ತಾನೆ. ನೆಲ ಬದಲಾದಂತೆ ಪಾಠ ಬದಲಾಗುತ್ತದೆ. ಓದುಗರಲ್ಲಿ ಯಾರಿಗಾದರೂ ಮನೆಯಲ್ಲಿ ಮೊಮ್ಮಕ್ಕಳಿದ್ದರೆ, ಮೋಡವಿಲ್ಲದ ಒಂದು ರಾತ್ರಿ ಮಾಳಿಗೆಗೆ ಕರೆದೊಯ್ದು, ಉತ್ತರಕ್ಕೆ ಮುಖ ಮಾಡಿಸಿ, ಒಂದೂವರೆ ಮುಷ್ಟಿ ಎತ್ತರದಲ್ಲಿ ಹುಡುಕಲು ಹೇಳಿರಿ. ಗದ್ದೆಗಳು ಬಂದರೂ ಆ ನಕ್ಷತ್ರ ತನ್ನ ಜಾಗ ಬಿಟ್ಟಿಲ್ಲ.